ಪ್ರಕರಣ: ನಿಂತುಹೋದ ಯೋಜನೆಗೆ ಕಾಯುತ್ತ ಕಳೆದ ಐದು ವಾರ

ಸದಾನಂದ ಎಂದಿಟ್ಟುಕೊಳ್ಳೋಣ. ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಲಾಗಿದೆ. ವಯಸ್ಸು 56. ಅಣ್ಣ ಸ್ಪಾನ್ಸರ್ ಮಾಡಿದ ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಹೋದವರು. ನಾರ್ತ್ ಕ್ಯಾರೊಲಿನಾದ ಪೀಠೋಪಕರಣ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ಯಂತ್ರ ರಿಪೇರಿ ನೋಡಿಕೊಂಡಿದ್ದರು. ವಿಯೆಟ್ನಾಂನಿಂದ ಸಿದ್ಧ ಮಾಲು ತರಿಸುವುದೇ ಅಗ್ಗವೆಂದು ಕಂಪನಿ 2024ರಲ್ಲಿ ಆ ಘಟಕ ಮುಚ್ಚಿತು. ನಮ್ಮಲ್ಲಿ ಸಲಹೆ ಕೇಳಿ ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ: ರಾತ್ರಿ ನಿದ್ದೆಯಿಲ್ಲ, ಹಗಲು ಹಳೆಯ ಜೊತೆಗಾರರ ಮನೆ ಸುತ್ತಿ ಒಂದು ಅರ್ಜಿಗೆ ಸಹಿ ಹಾಕಿಸುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆ ದಿನ ಬಿಟ್ಟು ದಿನ ತಗೊಳ್ತಿದ್ದಾರೆ.

ಸದಾನಂದರ ವಾದ ಸ್ಪಷ್ಟವಾಗಿತ್ತು. "ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅಂತ ಇದೆ ಮೇಡಂ. ಮೂರು ಜನ ಸಹಿ ಹಾಕಿ ಅರ್ಜಿ ಕೊಟ್ರೆ ಸಾಕು. 130 ವಾರದವರೆಗೂ ದುಡ್ಡು, ತರಬೇತಿ ಫೀಸೂ ಅವರದೇ."

ಓದಿದ್ದು ತಪ್ಪಲ್ಲ, ಹಳತು. 1962ರಲ್ಲಿ ಶುರುವಾಗಿ 1974ರ ವ್ಯಾಪಾರ ಕಾಯ್ದೆಯಲ್ಲಿ ವಿಸ್ತಾರವಾದ ಈ ಯೋಜನೆ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ, ಊರು ಬದಲಿಸುವ ಖರ್ಚು ಎಲ್ಲ ಕೊಡುತ್ತಿತ್ತು. ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸ ಹಿಡಿದರೆ ವ್ಯತ್ಯಾಸದ ಅರ್ಧವನ್ನು ಎರಡು ವರ್ಷದಲ್ಲಿ 10,000 ಡಾಲರ್‌ವರೆಗೆ ತುಂಬಿಕೊಡುತ್ತಿತ್ತು. ಸಂಸತ್ತು ಅವಧಿ ವಿಸ್ತರಿಸದ ಕಾರಣ 2022ರ ಜುಲೈ 1ರಿಂದ ಹೊಸ ತನಿಖೆ ಇಲ್ಲ, ಕೆಲಸ ಹೋದದ್ದು ಆಮದಿನಿಂದಲೇ ಎಂಬ ಹೊಸ ಪ್ರಮಾಣಪತ್ರವೂ ಇಲ್ಲ. ಕಾರ್ಮಿಕ ಇಲಾಖೆ ಅರ್ಜಿ ತೆಗೆದುಕೊಳ್ಳುತ್ತದೆ, ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಅಂತರ್ಜಾಲದ ಹಳೆಯ ಪುಟಗಳಲ್ಲಿ ಈ ಒಂದು ಸಾಲು ಇರದಿರುವುದೇ ಇಂಥ ತೊಂದರೆಯ ಮೂಲ.

ಅರ್ಜಿ ಬಿಟ್ಟುಬಿಡಿ ಎಂದು ಹೇಳಲಿಲ್ಲ. ಕೆಲಸ ಹೋದ ಒಂದು ವರ್ಷದೊಳಗೆ ಸಲ್ಲಿಸಬೇಕೆಂಬುದು ಕಾಯ್ದೆಯ ನಿಯಮ. ಹಿಂದೊಮ್ಮೆ, 2015ರ ಜೂನ್‌ನಲ್ಲಿ ಯೋಜನೆಗೆ ಮತ್ತೆ ಜೀವ ಬಂದಾಗ, 2014ರ ಜನವರಿಯ ನಂತರ ತಿರಸ್ಕಾರವಾಗಿದ್ದ ಅರ್ಜಿಗಳನ್ನೂ ಮರುಪರಿಶೀಲಿಸಿದ್ದುಂಟು. ಹಾಗಾಗಿ ಸಹಿಯಾದ ಅರ್ಜಿಯನ್ನು ಒಂದೇ ದಿನದಲ್ಲಿ ಕಳಿಸಿ, ಪ್ರತಿ ಇಟ್ಟುಕೊಂಡು, ಅದನ್ನು ಮರೆತುಬಿಡುವುದು. ಮನೆ ನಡೆಯುವ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ನಿಜವಾದ ನಷ್ಟ ಬೇರೆ ಕಡೆ ಆಗುತ್ತಿತ್ತು. ಅವರು ನಿರುದ್ಯೋಗ ವಿಮೆಗೇ ಅರ್ಜಿ ಹಾಕಿರಲಿಲ್ಲ. ಎರಡೂ ಒಟ್ಟಿಗೆ ಕೇಳಿದರೆ ದೊಡ್ಡದು ತಪ್ಪಿಹೋದೀತೆಂಬ ಭಯ. ಯೋಜನೆ ಜೀವಂತವಿದ್ದಾಗಲೂ ಕ್ರಮ ಇದಕ್ಕೆ ತಿರುವುಮುರುವಾಗಿತ್ತು: ಮೊದಲು ನಿರುದ್ಯೋಗ ವಿಮೆ, ಅದು ಮುಗಿದ ಮೇಲೆ ಆ ಭತ್ಯೆ. ಇನ್ನೊಂದು ತಡೆ ಮೆಲ್ಲಗೆ ಹೊರಬಿತ್ತು. "ಅಣ್ಣ–ಅತ್ತಿಗೆ ಕರೆಸಿಕೊಂಡಿದ್ದು ಸರ್ಕಾರದ ಅನ್ನ ತಿನ್ನಲಿ ಅಂತಲಾ?" ಅಣ್ಣನಿಗೆ ಕೆಲಸ ಹೋದ ಸುದ್ದಿಯನ್ನೇ ಹೇಳಿರಲಿಲ್ಲ. ಆಮದಿನ ಯೋಜನೆಯಾದರೆ ಅದು ಪರಿಹಾರ, ನಿರುದ್ಯೋಗ ಭತ್ಯೆಯಾದರೆ ಭಿಕ್ಷೆ ಎಂದು ಮನಸ್ಸಿನಲ್ಲಿ ವಿಂಗಡಿಸಿಕೊಂಡಿದ್ದರು. ಇಲ್ಲಿ ಸಮಾಧಾನದ ಮಾತಿಗಿಂತ ಹಣ ಎಲ್ಲಿಂದ ಬರುತ್ತದೆ ಎಂಬ ವಿವರ ಹೆಚ್ಚು ಕೆಲಸ ಮಾಡಿತು: ಅದು ಅವರ ದುಡಿಮೆಯ ಮೇಲೆ ಮಾಲೀಕರು ಹದಿನೇಳು ವರ್ಷ ಕಟ್ಟಿದ ತೆರಿಗೆಯಿಂದ ಬರುವ ವಿಮೆ.

ಮೊದಲ ಭೇಟಿ ಮುಗಿಯುವ ಮುನ್ನವೇ ರಾಜ್ಯದ ಉದ್ಯೋಗ ಭದ್ರತಾ ವಿಭಾಗದ ತಾಣದಲ್ಲಿ ಅರ್ಜಿ ತುಂಬಿಸಲಾಯಿತು. ಹೆಚ್ಚಿನ ರಾಜ್ಯಗಳಲ್ಲಿ ಗರಿಷ್ಠ 26 ವಾರ ಸಿಗುತ್ತದೆ, ಅವರಿಗೆ ಸಿಕ್ಕಿದ್ದು 12. ಆಗ ಅಲ್ಲಿ ವಾರಕ್ಕೆ ಹೆಚ್ಚೆಂದರೆ 350 ಡಾಲರ್. ಮೊದಲ ವಾರ ಕಾಯುವ ವಾರ, ಹಣವಿಲ್ಲ. ಪ್ರತಿ ವಾರ ತಪ್ಪದೆ ದೃಢೀಕರಿಸಬೇಕು, ಮೂರು ಕಡೆ ಕೆಲಸ ಕೇಳಿದ ದಾಖಲೆ ಇಡಬೇಕು: ದಿನಾಂಕ, ಕಂಪನಿ, ಯಾವ ಕೆಲಸ, ಹೇಗೆ ಸಂಪರ್ಕಿಸಿದ್ದು. ಹಣ ನಿಲ್ಲುವುದು ಬಹುತೇಕ ಈ ದಾಖಲೆ ಇಲ್ಲದ್ದಕ್ಕೆ, ಇಲ್ಲವೇ ಕಂಪನಿ ಕೊಟ್ಟ ಬಿಡುಗಡೆ ಹಣ ಬರೆಯದ್ದಕ್ಕೆ. ಈ ಭತ್ಯೆಗೆ ಆದಾಯ ತೆರಿಗೆಯೂ ಉಂಟು. ಡಬ್ಲ್ಯೂ–4ವಿ ನಮೂನೆ ಕೊಟ್ಟರೆ ಶೇ. 10 ಮೊದಲೇ ಮುರಿದುಕೊಳ್ಳುತ್ತಾರೆ, ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಸಲ್ಲಿಸುವಾಗ ಒಮ್ಮೆಲೇ ಹೊರೆ ಬೀಳುವುದಿಲ್ಲ.

ಆರೋಗ್ಯ ವಿಮೆ ಇದಕ್ಕಿಂತ ತುರ್ತಿನದು. ಕಂಪನಿಯ ವಿಮೆ ನಿಂತ ದಿನದಿಂದ 60 ದಿನದೊಳಗೆ, ಸರ್ಕಾರಿ ತಾಣದಲ್ಲಿ ಸ್ವಂತವಾಗಿ ಕೊಳ್ಳುವ ಮಾರ್ಕೆಟ್‌ಪ್ಲೇಸ್ ವಿಮೆ ಆರಿಸಿಕೊಳ್ಳಬೇಕು, ತಪ್ಪಿದರೆ ವರ್ಷದ ಕೊನೆಯ ನೋಂದಣಿವರೆಗೆ ಕಾಯಬೇಕು. ಅದರಲ್ಲಿ ಐದು ವಾರ ಸಹಿ ಸಂಗ್ರಹದಲ್ಲೇ ಕಳೆದಿತ್ತು. ಕೋಬ್ರಾ ಎಂಬ ಕಾನೂನಿನ ಮೂಲಕ ಹಳೆಯ ವಿಮೆಯನ್ನೇ 18 ತಿಂಗಳು ಮುಂದುವರಿಸಬಹುದು, ಆದರೆ ಪೂರ್ಣ ಪ್ರೀಮಿಯಂನ ಶೇ. 102ರವರೆಗೆ ಕೈಯಿಂದ ಕಟ್ಟಬೇಕು. ಅದರಲ್ಲೊಂದು ಅನುಕೂಲವಿದೆ: ಆಯ್ಕೆಗೆ ಕೊಟ್ಟ 60 ದಿನದೊಳಗೆ ಆಸ್ಪತ್ರೆ ಸೇರುವಂತಾದರೆ ಆಗ ಆರಿಸಿಕೊಂಡು ಬಾಕಿ ಕಟ್ಟಿದರೂ ವಿಮೆ ನಿಂತ ದಿನದಿಂದಲೇ ಅನ್ವಯ. ಸದಾನಂದ ದಂಪತಿಗೆ ಹೇಳಿದ್ದು: ಈಗ ಮಾರ್ಕೆಟ್‌ಪ್ಲೇಸ್ ವಿಮೆ ತಗೊಳ್ಳಿ, ಭತ್ಯೆ ಮುಗಿದ ತಿಂಗಳೇ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ಗೆ ಅರ್ಜಿ ಹಾಕಿ. ಆ ರಾಜ್ಯ 2023ರ ಡಿಸೆಂಬರ್ 1ರಿಂದ ಮೆಡಿಕೇಯ್ಡ್ ವಿಸ್ತರಿಸಿದೆ. ಇಬ್ಬರ ಮನೆಗೆ ಆಗಿನ ಆದಾಯ ಮಿತಿ ತಿಂಗಳಿಗೆ ಸುಮಾರು 2,350 ಡಾಲರ್. ಭತ್ಯೆಯ ಜೊತೆ ಹೆಂಡತಿಯ ಅರೆಕಾಲಿಕ ಸಂಬಳ ಸೇರಿದರೆ ಕೂದಲೆಳೆಯಲ್ಲಿ ಮೀರುತ್ತಿತ್ತು, ಭತ್ಯೆ ನಿಂತರೆ ಒಳಗೆ ಬರುತ್ತಿತ್ತು.

ನಿವೃತ್ತಿ ಉಳಿತಾಯದ 401(ಕೆ) ಖಾತೆಯನ್ನು ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಗೆ ವರ್ಗಾಯಿಸಲು ಏಜೆಂಟರೊಬ್ಬರು ಕಾಗದ ತಂದುಕೊಟ್ಟಿದ್ದರು. ಸಹಿ ಬೇಡವೆಂದೆವು. 55 ತುಂಬುವ ವರ್ಷದಲ್ಲೋ ಆಮೇಲೋ ಕೆಲಸ ಬಿಟ್ಟವರು ಆ ಕಂಪನಿಯ ಖಾತೆಯಿಂದ ಶೇ. 10 ದಂಡವಿಲ್ಲದೆ ಹಣ ತೆಗೆಯಬಹುದು. ಐಆರ್‌ಎಗೆ ಹೋದ ಹಣಕ್ಕೆ ಈ ವಿನಾಯಿತಿ ಇಲ್ಲ, ಐವತ್ತೊಂಬತ್ತೂವರೆ ವರ್ಷದವರೆಗೆ ಕಾಯಬೇಕು.

ತರಬೇತಿಗೆ ಉಳಿದ ದಾರಿ ರಾಜ್ಯದ ಉದ್ಯೋಗ ನೆರವು ಕೇಂದ್ರವಾದ ಎನ್‌ಸಿವರ್ಕ್ಸ್‌ನಲ್ಲಿ ಸಿಗುವ, 2014ರ ಉದ್ಯೋಗ ತರಬೇತಿ ಕಾಯ್ದೆಯಡಿಯ, ಕೆಲಸ ಕಳೆದುಕೊಂಡ ಕಾರ್ಮಿಕರ ನೆರವು. ಮಾನ್ಯ ಪಟ್ಟಿಯಲ್ಲಿರುವ ಕೋರ್ಸಿಗೆ ಮಾತ್ರ ಹಣ, ಅದೂ ಅನುಮೋದನೆ ಬಂದ ಮೇಲೆ ಸೇರಿದರೆ. ಉತ್ಸಾಹದಲ್ಲಿ ಮೊದಲೇ ಫೀಸು ಕಟ್ಟಿದವರು ಅದು ವಾಪಸ್ ಬರುತ್ತದೆಂದು ನಂಬಿಕೊಳ್ಳಬಾರದು. ಅನುಮೋದಿತ ತರಬೇತಿಯಲ್ಲಿದ್ದಾರೆ ಎಂಬ ಕಾರಣಕ್ಕೆ ನಿರುದ್ಯೋಗ ಭತ್ಯೆ ನಿಲ್ಲಿಸುವಂತಿಲ್ಲ. ಸದಾನಂದರು ಹವಾನಿಯಂತ್ರಣ ಯಂತ್ರಗಳ ಕೋರ್ಸ್ ಆರಿಸಿದರು. ಮೋಟಾರು, ರಿಲೇ ಅವರಿಗೆ ಹೊಸತಲ್ಲ.

ಅಣ್ಣನಿಗೆ ಹೇಳಿ ಎಂದು ಒತ್ತಾಯ ಮಾಡಲಿಲ್ಲ. ಮೊದಲ ಭತ್ಯೆ ಖಾತೆಗೆ ಬಿದ್ದ ವಾರ ಅವರೇ ಫೋನ್ ಮಾಡಿ ಹೇಳಿದರು.

ಸಹಿ ಹಾಕಿದವರಲ್ಲಿ ಒಬ್ಬರದು ಬೇರೆ ಲೆಕ್ಕ. ಅವರನ್ನು ಅದೇ ಕಂಪನಿಯ ಇನ್ನೊಂದು ಘಟಕದಿಂದ 2021ರಲ್ಲೇ ತೆಗೆದಿದ್ದರು, ಆ ಘಟಕಕ್ಕೆ ಆಗಲೇ ಪ್ರಮಾಣಪತ್ರವೂ ಸಿಕ್ಕಿತ್ತು. 2022ರ ಜೂನ್ 30ರೊಳಗೆ ಪ್ರಮಾಣಪತ್ರವೂ ಆಗಿ ಕೆಲಸವೂ ಹೋಗಿದ್ದರೆ ಹಕ್ಕು ಉಳಿದಿರಬಹುದು. ಅವರಿಗೆ ಕೆಲಸ ಬಿಡಿಸಿದ ಪತ್ರ ಹಿಡಿದು ರಾಜ್ಯದ ಕಚೇರಿಯಲ್ಲಿ ಈ ಯೋಜನೆ ನೋಡಿಕೊಳ್ಳುವವರನ್ನೇ ಕಾಣಲು ಹೇಳಿ ಕಳಿಸಲಾಯಿತು.