ವರ್ಡ್ ಗೇಮ್ ಆಡಿದರೆ ಇಂಗ್ಲಿಷ್ ಪದಗಳು, ಈಡಿಯಮ್‌ಗಳು ನಿಜವಾಗಲೂ ಬರುತ್ತವಾ?

ಬರುತ್ತವೆ, ಆದರೆ ಎಲ್ಲ ಆಟದಿಂದಲೂ ಅಲ್ಲ. ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಲದೊಳಗೆ ಊಹಿಸುವ ವರ್ಡಲ್ ದಿನಾ ಆಡಿದರೂ ಮಾತಿನಲ್ಲಿ ಹೊಸ ಪದ ಬರುತ್ತಿಲ್ಲ, ಈಡಿಯಮ್ (ನುಡಿಗಟ್ಟು) ಅಂತೂ ಬರುವುದೇ ಇಲ್ಲ ಎಂದು ಕೇಳಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಆ ಆಟ ಇರುವುದೇ ಹಾಗೆ.

ಆಟ ರೂಪಿಸಿದ ಜೋಶ್ ವಾರ್ಡಲ್ 2021ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟಾಗ, ಉತ್ತರಗಳಿಗೆ ಜನರಿಗೆ ಗೊತ್ತಿರುವ ಪದಗಳನ್ನೇ ಆರಿಸಿಟ್ಟಿದ್ದರು. ಹಾಗಾಗಿ ಅಲ್ಲಿ ಪಳಗುವುದು ಸ್ಪೆಲಿಂಗ್. ಕ್ಯೂ ಇದ್ದರೆ ಹೆಚ್ಚಾಗಿ ಅದರ ಬೆನ್ನಿಗೇ ಯು ಇರುತ್ತದೆ, ಸಿ-ಕೆ ಜೋಡಿಯಿಂದ ಪದ ಶುರುವಾಗುವುದಿಲ್ಲ, ಇಂಥವು. ಒಳ್ಳೆಯದೇ. ಆದರೆ ಅರ್ಥ ಗೊತ್ತಿಲ್ಲದೆಯೂ ಗೆಲ್ಲಬಹುದು. ಅಕ್ಷರದ ಬಿಲ್ಲೆಗಳಿಂದ ಪದ ಜೋಡಿಸುವ ಸ್ಕ್ರ್ಯಾಬಲ್ ಕೂಡ ಹಾಗೆಯೇ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. ಅಂಥ ನೆನಪಿನ ಶಕ್ತಿಗೆ ಕೈ ಮುಗಿಯಬೇಕು, ಆದರೆ ನಿಮಗೆ ಬೇಕಾಗಿರುವುದು ಅದಲ್ಲ ಅಲ್ವಾ?

ಈಡಿಯಮ್ ಬೇಕಾದರೆ ಅರ್ಥ ಹುಡುಕಿಸುವ ಆಟ ಆಡಿ. ನನಗೆ ಜಾಸ್ತಿ ಇಷ್ಟವಾದದ್ದು ನ್ಯೂಯಾರ್ಕ್ ಟೈಮ್ಸ್ 2023ರಲ್ಲಿ ಶುರು ಮಾಡಿದ ಕನೆಕ್ಷನ್ಸ್. 16 ಪದ ಕೊಡುತ್ತಾರೆ, ನಾಲ್ಕು ನಾಲ್ಕರಂತೆ ಗುಂಪು ಮಾಡಬೇಕು. ನಾನೇ ಒಂದು ಗುಂಪು ಹೇಳುತ್ತೇನೆ: ಐಸ್, ಲೆಗ್, ಬ್ಯಾಂಕ್, ನ್ಯೂಸ್. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಪಕ್ಕದಲ್ಲಿ ಆರ್ಮ್, ಚೆಸ್ಟ್ ಇದ್ದರಂತೂ ಲೆಗ್ ಅಲ್ಲಿಗೇ ಹೋಗುತ್ತದೆ ಅನಿಸುತ್ತದೆ. ಆದರೆ ಈ ನಾಲ್ಕೂ ಬ್ರೇಕ್ ಜೊತೆ ಸೇರುತ್ತವೆ. ಬ್ರೇಕ್ ದಿ ಐಸ್ ಅಂದರೆ ಹೊಸಬರ ನಡುವಿನ ಸಂಕೋಚ ಮುರಿಯುವುದು. ಬ್ರೇಕ್ ಅ ಲೆಗ್ ಅಂದರೆ ವೇದಿಕೆ ಹತ್ತುವವರಿಗೆ ಹೇಳುವ ಶುಭ ಹಾರೈಕೆ. ನ್ಯೂಸ್ ಜೊತೆ ಬಂದರೆ ಸುದ್ದಿಯನ್ನು ಮೊದಲು ತಿಳಿಸುವುದು.

ಆಟ ಮುಗಿದ ಮೇಲೆ ಇವುಗಳಲ್ಲಿ ಒಂದನ್ನು ಹಿಡಿದುಕೊಳ್ಳಿ. ಒಂದೇ ಸಾಕು. ಬ್ರೇಕ್ ದಿ ಬ್ಯಾಂಕ್ ತೆಗೆದುಕೊಂಡಿರಿ ಅನ್ನಿ. ಕೈ ಬರಿದಾಗುವಷ್ಟು ಖರ್ಚು ಎಂಬ ಅರ್ಥ ಡಿಕ್ಷನರಿಯಲ್ಲಿ ಸಿಗುತ್ತದೆ. ಅಲ್ಲಿಗೇ ನಿಲ್ಲಿಸದೆ ಉದಾಹರಣೆ ವಾಕ್ಯಗಳನ್ನೂ ಓದಿ. ‘ಇಟ್ ವೋಂಟ್ ಬ್ರೇಕ್ ದಿ ಬ್ಯಾಂಕ್’ ಎಂದು ಇಲ್ಲ ಅನ್ನುವ ರೂಪದಲ್ಲೇ ಅದು ಜಾಸ್ತಿ ಬರುತ್ತದೆ ಎಂದು ಆಗ ಕಾಣುತ್ತದೆ. ಐಸ್‌ಗೆ ದಿ, ಲೆಗ್‌ಗೆ ಅ. ಇದನ್ನು ಅದಲು ಬದಲು ಮಾಡುವಂತಿಲ್ಲ. ಅದೇ ದಿನ ಯಾರಿಗಾದರೂ ಮೆಸೇಜ್ ಬರೆಯುವಾಗ ಬಳಸಿಬಿಡಿ.

ಕ್ರಾಸ್‌ವರ್ಡ್ ಕೂಡ ಸೇರಿಸಿಕೊಳ್ಳಿ, ಚಿಕ್ಕದೇ ಇರಲಿ. ಖಾಲಿ ಜಾಗ ತುಂಬುವ ಸುಳಿವುಗಳನ್ನು ಮೊದಲು ಹುಡುಕಿ, ಅವುಗಳಲ್ಲಿ ಈಡಿಯಮ್ ತುಂಬಾ ಬರುತ್ತವೆ. ಸುಳಿವು ಭೂತಕಾಲದಲ್ಲಿದ್ದರೆ ಉತ್ತರವೂ ಭೂತಕಾಲದಲ್ಲೇ, ಸುಳಿವು ಬಹುವಚನವಾದರೆ ಉತ್ತರವೂ ಬಹುವಚನ. ಇದರಿಂದ ವ್ಯಾಕರಣವೂ ಸುಮ್ನೆ ಹಾಗೇ ಕೈಗೆ ಹತ್ತುತ್ತದೆ. ಉತ್ತರ ಹೊಳೆಯದಿದ್ದರೆ ನೋಡಿಬಿಡಿ, ಕಲಿಯುವವರಿಗೆ ಅದು ಮೋಸವಲ್ಲ. ಕ್ರಿಪ್ಟಿಕ್ ಕ್ರಾಸ್‌ವರ್ಡ್ ಮಾತ್ರ ಈಗಲೇ ಬೇಡ. ಅದರಲ್ಲಿ ಬ್ರೋಕನ್, ಮಿಕ್ಸ್ಡ್ ಎಂಬ ಪದ ಕಂಡರೆ ಅಕ್ಷರಗಳನ್ನು ಕಲಸಿ ಜೋಡಿಸು ಎಂಬ ಸೂಚನೆ ಇರಬಹುದು. ಅದರ ನಿಯಮಗಳನ್ನೇ ಬೇರೆಯಾಗಿ ಕಲಿಯಬೇಕು. ಚಿಕ್ಕದು ಸಲೀಸಾದ ಮೇಲೆ ನೋಡಿಕೊಳ್ಳಬಹುದು.