ಇಲ್ಸಾ ಗಂಡನ ಜೊತೆ ವಿಮಾನ ಹತ್ತಿದ್ದು ಸರಿಯೇ?

ಎರಡನೇ ಮಹಾಯುದ್ಧದ ಕಾಲದ ಹಾಲಿವುಡ್ ಚಿತ್ರ ‘ಕಾಸಾಬ್ಲಾಂಕಾ’ವನ್ನು ಮೊದಲ ಸಲ ನೋಡಿದ್ದೀರಿ. ಹಳೆಯ ಪ್ರಿಯಕರ ರಿಕ್ ಮೇಲೆ ಅಷ್ಟೊಂದು ಪ್ರೀತಿಯಿದ್ದ ಇಲ್ಸಾ ಕೊನೆಗೆ, ನಾಜಿಗಳ ವಿರುದ್ಧ ಹೋರಾಡುವ ಗಂಡ ಲಾಸ್ಲೋ ಜೊತೆ ಹೋಗಿದ್ದು ಏಕೆ, ಅದು ಬಲವಂತದ ಮುಕ್ತಾಯವಲ್ಲವೇ ಎಂದು ಕೇಳಿದ್ದೀರಿ.

ಹೋಗಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ತೀರ್ಮಾನವನ್ನು ಅವಳು ಮಾಡಲಿಲ್ಲವಲ್ಲ, ನನ್ನ ತಕರಾರು ಅಲ್ಲಿದೆ.

ಬಲವಂತವೂ ಇತ್ತೆನ್ನಿ. 1942ರ ಹಾಲಿವುಡ್‌ನ ನೀತಿಸಂಹಿತೆಯ ಪ್ರಕಾರ ಮದುವೆಯಾದವಳು ಗಂಡನನ್ನು ಬಿಟ್ಟು ಪ್ರಿಯಕರನ ಕೈಹಿಡಿದು ಸುಖವಾಗಿರುವಂತೆ ತೋರಿಸುವುದು ಸಾಧ್ಯವಿರಲಿಲ್ಲ. ಇತ್ತ ಚಿತ್ರೀಕರಣ ನಡೆಯುತ್ತಿದ್ದರೆ ಅತ್ತ ಚಿತ್ರಕಥೆಯನ್ನು ಇನ್ನೂ ಬರೆಯುತ್ತಲೇ ಇದ್ದರು. ತಾನು ಇಬ್ಬರಲ್ಲಿ ಯಾರನ್ನು ಪ್ರೀತಿಸಬೇಕು ಎಂದು ಕೇಳಿದರೆ ಸ್ಪಷ್ಟ ಉತ್ತರವೇ ಸಿಗುತ್ತಿರಲಿಲ್ಲ ಎಂದು ಇಲ್ಸಾ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್ ಮುಂದೆ ಹೇಳಿಕೊಂಡಿದ್ದಾರೆ. ಆ ಗೊಂದಲ ಅವರ ಮುಖದ ಮೇಲೆ ಹಾಗೆಯೇ ಉಳಿದುಕೊಂಡಿದೆ. ಚಿತ್ರಕ್ಕೆ ಅದರಿಂದ ಲಾಭವೇ ಆಯಿತು.

ಆದರೆ ಮುಕ್ತಾಯ ನಿಜವಾಗಿ ನಿರ್ಧಾರವಾಗುವುದು ವಿಮಾನ ನಿಲ್ದಾಣಕ್ಕಿಂತ ಬಹಳ ಮೊದಲು, ರಿಕ್‌ನ ಹೋಟೆಲಿನಲ್ಲಿ. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ದೇಶಭಕ್ತಿಗೀತೆಯನ್ನು ಜೋರಾಗಿ ಹಾಡುತ್ತಿರುತ್ತಾರೆ. ಲಾಸ್ಲೋ ನೇರವಾಗಿ ವಾದ್ಯದವರ ಬಳಿ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ‘ಲಾ ಮಾರ್ಸೆಯೇಜ್’ ನುಡಿಸಲು ಹೇಳುತ್ತಾನೆ. ಅವರು ಮಾಲೀಕನತ್ತ ನೋಡುತ್ತಾರೆ. ಯಾರ ಗೊಡವೆಯೂ ತನಗೆ ಬೇಡ ಎಂದು ಅಲ್ಲಿಯವರೆಗೆ ಹೇಳಿಕೊಂಡೇ ಬಂದಿದ್ದ ರಿಕ್ ಸುಮ್ಮನೆ ಒಮ್ಮೆ ತಲೆಯಾಡಿಸುತ್ತಾನೆ, ಅಷ್ಟೇ. ಇಡೀ ಹೋಟೆಲು ಎದ್ದು ಹಾಡತೊಡಗಿದಾಗ ಜರ್ಮನ್ನರ ದನಿ ಅಡಗಿಹೋಗುತ್ತದೆ. ಆಗ ಇಲ್ಸಾ ಗಂಡನನ್ನು ನೋಡುವ ನೋಟವನ್ನು ಗಮನಿಸಿ. ಅದರಲ್ಲಿ ಹೆಮ್ಮೆಯಿದೆ, ಇವನನ್ನು ಇನ್ನು ಇವರು ಬಿಡುವುದಿಲ್ಲ ಎಂಬ ದಿಗಿಲೂ ಇದೆ. ಅಲ್ಲಿಂದ ಮುಂದೆ ಅವಳು ರಿಕ್ ಜೊತೆ ಉಳಿದುಬಿಟ್ಟಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಆ ಗುಂಪಿನಲ್ಲಿ ಕಣ್ಣೀರು ಸುರಿಸುತ್ತಾ ಹಾಡುವ ಇವೊನ್ ಎಂಬ ಹುಡುಗಿ ಅದೇ ರಾತ್ರಿ ಜರ್ಮನ್ ಅಧಿಕಾರಿಯ ತೋಳು ಹಿಡಿದು ಬಂದವಳು. ಆ ಪಾತ್ರ ಮಾಡಿದ ಮದೆಲೀನ್ ಲಬೋ ಸ್ವತಃ ಫ್ರೆಂಚ್ ನಿರಾಶ್ರಿತೆ. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸಿಗೆ ನುಗ್ಗುವ ಮುನ್ನ ತನ್ನ ಯಹೂದಿ ಗಂಡ ಮಾರ್ಸೆಲ್ ದಾಲಿಯೊ ಜೊತೆ ಓಡಿ, ಲಿಸ್ಬನ್ ಮೂಲಕ ಅಮೆರಿಕ ಖಂಡ ಸೇರಿದವರು. ದಾಲಿಯೊ ಕೂಡ ಚಿತ್ರದಲ್ಲಿದ್ದಾರೆ, ಜೂಜಿನ ಮೇಜಿನ ಬಳಿ. ಜರ್ಮನ್ ಮೇಜರ್ ಆಗಿ ನಟಿಸಿದ ಕಾನ್ರಾಡ್ ಫೈಟ್ ಅವರೂ ಹೆಂಡತಿ ಯಹೂದಿಯಾದ್ದರಿಂದ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟುಬಂದವರೇ. ಸ್ಟುಡಿಯೋದೊಳಗೆ ಕಟ್ಟಿದ ಸೆಟ್ಟಿನಲ್ಲಿ ಅಂಥ ಅಳು ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ತಕರಾರಿಗೆ ಬರುತ್ತೇನೆ. ಊರು ಬಿಟ್ಟು ಪಾರಾಗಲು ಬೇಕಾದ ಪ್ರಯಾಣದ ಪತ್ರಗಳಿಗಾಗಿ ರಿಕ್‌ಗೆ ಪಿಸ್ತೂಲು ತೋರಿಸುವಷ್ಟು ಗಟ್ಟಿಗಿತ್ತಿ ಇಲ್ಸಾ. ಅಂಥವಳ ಬಾಯಲ್ಲಿ ಮರುಗಳಿಗೆಯೇ, ಇನ್ನು ನನ್ನಿಂದಾಗದು, ಎಲ್ಲರ ಪರವಾಗಿ ನೀನೇ ಯೋಚಿಸು ಎಂಬ ಮಾತು ಬರುತ್ತದೆ. ಅವನು ಯೋಚಿಸುತ್ತಾನೆ, ಅವಳಿಗೆ ಹೇಳದೆ. ವಿಮಾನದ ಬಳಿ ನಿಲ್ಲುವವರೆಗೂ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರುವುದಿಲ್ಲ. ತ್ಯಾಗದ ಕೀರ್ತಿಯೆಲ್ಲ ರಿಕ್‌ನ ಪಾಲಾಯಿತು. ಅವಳೂ ಅಷ್ಟೇ ಕಳೆದುಕೊಂಡಳಲ್ಲ!

(ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಕಥೆ ನಡೆಯುವ ಕಾಸಾಬ್ಲಾಂಕಾ ನಗರವಿರುವ ಮೊರಾಕೊ 1912ರಿಂದ 1956ರವರೆಗೆ ಫ್ರೆಂಚರ ಅಧೀನದಲ್ಲಿತ್ತು. ಪರರ ಆಕ್ರಮಣದ ವಿರುದ್ಧ ಎದೆ ತಟ್ಟಿ ಹಾಡುವವರು ಇನ್ನೊಬ್ಬರ ನೆಲದ ಮೇಲೆ ಕುಳಿತಿದ್ದಾರೆ. ಆ ನೆಲದವರು ಚಿತ್ರದಲ್ಲಿ ಬಾಗಿಲು ಕಾಯಲು, ಸಂತೆಯಲ್ಲಿ ಸರಕು ಮಾರಲು ಮಾತ್ರ ಇದ್ದಾರೆ. ಚಿತ್ರೀಕರಣ ಮುಗಿದ 1942ರ ಆಗಸ್ಟ್‌ನಲ್ಲೇ ಬೊಂಬಾಯಿಯಲ್ಲಿ ಕ್ವಿಟ್ ಇಂಡಿಯಾ ಕರೆ ಮೊಳಗಿತ್ತು. ಬ್ರಿಟಿಷರ ರಾಷ್ಟ್ರಗೀತೆ ಕೇಳಿ ನಮ್ಮವರು ಕಣ್ಣೊರೆಸಿಕೊಳ್ಳುತ್ತಿದ್ದರೇ?)

ಇಲ್ಸಾಗೆ ಸಿಗದ ಅವಕಾಶವನ್ನು ತಾನೇ ಕಸಿದುಕೊಂಡ ಹೆಣ್ಣು ನಿಜಜೀವನದಲ್ಲಿದ್ದಳು: ಲೂಸಿ ಓಬ್ರಾಕ್, ಫ್ರಾನ್ಸಿನ ಲಿಯೋನ್ ನಗರದ ಇತಿಹಾಸದ ಮೇಷ್ಟರು, ಜರ್ಮನ್ ಆಕ್ರಮಣದ ವಿರುದ್ಧದ ಪ್ರತಿರೋಧ ಚಳವಳಿಯ ಕಾರ್ಯಕರ್ತೆ. 1943ರ ಜೂನ್‌ನಲ್ಲಿ ಗಂಡ ರೇಮಂಡ್ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದಾಗ ಆಕೆ ಗರ್ಭಿಣಿ. ಸುಳ್ಳು ಹೆಸರು ಹೇಳಿಕೊಂಡು, ಮದುವೆಗೆ ಮುನ್ನವೇ ಬಸುರಾದ ಕುಲೀನ ಮನೆತನದ ಹುಡುಗಿಯಂತೆ ನಟಿಸುತ್ತಾ ಗೆಸ್ಟಾಪೊ ಕಚೇರಿಗೇ ಹೋದಳು. ಸಾಯುವ ಮುನ್ನ ಅವನು ತನ್ನನ್ನು ಮದುವೆಯಾಗಲಿ, ಮಗುವಿಗೆ ತಂದೆಯ ಹೆಸರಾದರೂ ಸಿಗಲಿ ಎಂಬುದು ಆಕೆ ಮುಂದಿಟ್ಟ ಬೇಡಿಕೆ. ಅಕ್ಟೋಬರ್ 21ರಂದು ಕೈದಿಗಳನ್ನು ಒಯ್ಯುತ್ತಿದ್ದ ಜರ್ಮನ್ ಲಾರಿಯ ಮೇಲೆ ಆಕೆಯ ಗುಂಪು ದಾಳಿ ಮಾಡಿ ರೇಮಂಡ್‌ನನ್ನು ಬಿಡಿಸಿತು. ಕೆಲವು ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ, ಆದರೆ ದಾಳಿ ನಡೆದದ್ದು, ಅವನು ಪಾರಾದದ್ದು ನಿಜ. 1944ರ ಫೆಬ್ರವರಿಯಲ್ಲಿ ಇಬ್ಬರೂ ವಿಮಾನದಲ್ಲಿ ಲಂಡನ್ ತಲುಪಿದರು. ಅದೇ ತಿಂಗಳು ಮಗಳು ಹುಟ್ಟಿದಳು.

ಇದನ್ನು ಕ್ಲೋಡ್ ಬೆರಿ 1997ರಲ್ಲಿ ‘ಲೂಸಿ ಓಬ್ರಾಕ್’ ಎಂಬ ಚಿತ್ರವಾಗಿಸಿದರು. ಸಿನಿಮಾವಾಗಿ ಅದು ಕಾಸಾಬ್ಲಾಂಕಾದ ಹತ್ತಿರಕ್ಕೂ ಬರುವುದಿಲ್ಲ, ಮಾತುಗಳಲ್ಲಿ ಆ ಮೊನಚಿಲ್ಲ. ಆದರೆ ನಿಮ್ಮ ಪ್ರಶ್ನೆ ಕಾಡುತ್ತಲೇ ಇದ್ದರೆ ಮುಂದೆ ನೋಡಬೇಕಾದ ಚಿತ್ರ ಅದೇ.