ಬಾಯಿಲೆಕ್ಕ ಚುರುಕು, ಬರೆಯಲು ಮಾತ್ರ ಅಳು

ಪ್ರಶ್ನೆ: ಮಗಳಿಗೆ ಏಳು ವರ್ಷ. ಭಿನ್ನರಾಶಿಯನ್ನೂ ಬಾಯಲ್ಲೇ ಕೂಡುತ್ತಾಳೆ. ಬರೆಯಲು ಕೂರಿಸಿದರೆ ಪೆನ್ಸಿಲ್ ಎಸೆದು ಅಳುತ್ತಾಳೆ. ಐಕ್ಯೂ ಪರೀಕ್ಷೆ ಮಾಡಿಸಲೇ?

ಉತ್ತರ: ತಲೆ ಓಡಿದಷ್ಟು ಬೇಗ ಬೆರಳು ಓಡಬೇಕಲ್ವಾ? ಉತ್ತರ ಹೊಳೆದಾಗಿರುತ್ತದೆ, ಕೈ ಇನ್ನೂ ಮೊದಲ ಅಂಕಿಯಲ್ಲೇ ಇರುತ್ತದೆ. ಸಿಟ್ಟು ಬರದೆ ಇನ್ನೇನು? ಲೆಕ್ಕ ಅವಳು ಹೇಳಲಿ, ನೀವು ಬರೆದುಕೊಳ್ಳಿ. ಅಕ್ಷರದ ಅಭ್ಯಾಸ ಬೇರೆ ಹೊತ್ತಿನಲ್ಲಿ, ಸ್ವಲ್ಪವೇ. ಆಗಲೂ ಸುಧಾರಿಸದಿದ್ದರೆ ತಜ್ಞರಿಗೆ ತೋರಿಸಿ. ಜಾಣ ಮಕ್ಕಳಿಗೂ ಬರವಣಿಗೆಯ ತೊಂದರೆ ಇರಬಹುದು.

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಉತ್ತರವಷ್ಟೇ ಗೀಚಿ ಕಿಟಕಿ ನೋಡುತ್ತಾ ಕೂರುತ್ತಿದ್ದ. ಇಂಥವರಿಗೆ ಗೊತ್ತಿರುವ ಲೆಕ್ಕವನ್ನೇ ಜಾಸ್ತಿ ಕೊಡುವುದು ಶಿಕ್ಷೆ. ಕಷ್ಟದ್ದು ಎರಡು ಸಾಕು ಎಂದು ಟೀಚರಿಗೆ ಹೇಳಿ ನೋಡಿ.

ಇನ್ನು ಪರೀಕ್ಷೆ. 1921ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಐಕ್ಯೂ ಅಳೆದು ಅತಿ ಜಾಣ ಮಕ್ಕಳನ್ನು ಆರಿಸಲು ಶುರು ಮಾಡಿದರು. ಆ ಆಯ್ಕೆಯಲ್ಲಿ ಬಿಟ್ಟುಹೋದ ವಿಲಿಯಂ ಶಾಕ್ಲಿ 1956ರಲ್ಲಿ, ಲೂಯಿಸ್ ಆಲ್ವರೆಜ್ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು! ಶಾಲೆ ಕೇಳಿದರೆ ಮಾಡಿಸಿ, ಸುಮ್ನೆ ಕುತೂಹಲಕ್ಕೆ ಬೇಡ. ನೆಂಟರ ಮುಂದೆ ಅವಳಿಂದ ಲೆಕ್ಕ ಹೇಳಿಸುವ ಅಭ್ಯಾಸವಿದ್ದರೆ ಅದನ್ನಂತೂ ಇವತ್ತೇ ಬಿಡಿ.